ನಾರು ಹಾರಿಸಿದ ಟೀಚರಮ್ಮ

ಮೊನ್ನೆ ಸಂಜೆ ನಾಲ್ಕು ಹನಿ ಬಿದ್ದು ಹಿತ್ತಲ ಮಟ್ಟೆ ರಾಶಿ ನೆನೆದಿತ್ತು. ಒಲೆಗೆ ಆಗುವಂಥದ್ದನ್ನು ಆರಿಸಲು ಹೋದೆ. ನೆನೆದ ತೆಂಗಿನ ಮಟ್ಟೆಗೆ ಒಂದು ವಾಸನೆಯಿದೆ, ಅರ್ಧ ಹುಳಿ, ಅರ್ಧ ಮಣ್ಣು. ಅದೇನು ಸುವಾಸನೆಯಲ್ಲ, ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ಒಂದು ಮಟ್ಟೆ ಸೀಳುವಾಗ ಸಣ್ಣ ನಾರಿನ ಎಳೆಯೊಂದು ಅಂಗೈಗೆ ಬಂದು ಕೂತಿತು. ಕೊಡವಲು ಕೈ ಎತ್ತಿದವಳು, ಯಾಕೋ ಏನೋ, ಬಾಯಿ ಹತ್ತಿರ ತಂದು ಊದಿದೆ. ಎಳೆ ಹಾರಿಹೋಯಿತು. ಟೀಚರಮ್ಮ ನೆನಪಾದರು...

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಸಹಿ ಹಾಕುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ, ಅಷ್ಟೇ. ಇದನ್ನು ಹೇಳುತ್ತಿರುವವಳು ನಾನು, ಬರೆದುಕೊಳ್ಳುತ್ತಿರುವವಳು ಎಂಟನೇ ಕ್ಲಾಸಿನ ಮೊಮ್ಮಗಳು. ಪುಸ್ತಕದ ಭಾಷೆಗೆ ತಿರುಗಿಸುವುದು ಅವಳ ಕೆಲಸ. ಆಗ ಒಬ್ಬರಿಗೊಬ್ಬರು ಆಡಿದ ಮಾತನ್ನು ಮಾತ್ರ ಹಾಗೇ ಬಿಡು ಎಂದಿದ್ದೇನೆ. ಉಳಿದ ಕಡೆ ಕಾಣುವ ಹಕಾರವೆಲ್ಲ ಅವಳು ಹಾಕಿದ್ದು. ನಮ್ಮ ಹಂದನಕೆರೆ ಕಡೆ ನನ್ನ ವಯಸ್ಸಿನವರ ಬಾಯಲ್ಲಿ ಆ ಅಕ್ಷರ ನಿಲ್ಲುವುದಿಲ್ಲ. ಹಾಲು ನಮಗೆ ಆಲು, ಹಸು ನಮಗೆ ಅಸು, ಹಂದನಕೆರೆಯೇ ಅಂದನಕೆರೆ. ಅದರಿಂದ ನಮಗೇನೂ ನಷ್ಟವಾಗಿರಲಿಲ್ಲ. ನಾವು ಅಸು ಅಂದೆವು ಎಂದು ಯಾವ ಹಸುವೂ ಹಾಲು ಕೊಡುವುದನ್ನು ನಿಲ್ಲಿಸಿರಲಿಲ್ಲ.

ಊರಿನ ಕನ್ನಡ ಶಾಲೆಗೆ ಟೀಚರಮ್ಮ ಬಂದದ್ದು ನನ್ನ ಮಗನ ಮದುವೆಯ ಆಸುಪಾಸಿನಲ್ಲಿ. ದಿನಾ ಚಿಕ್ಕನಾಯಕನಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಸಣಕಲು ಮೈ, ದೊಡ್ಡ ಗಂಟಲು. ಅವರು ಮಗ್ಗಿ ಹೇಳಿಸಿದರೆ ತೋಟದಲ್ಲಿದ್ದ ನಮಗೂ ಕೇಳುತ್ತಿತ್ತು. ಯಾರ ಮನೆಯಲ್ಲೂ ಒಂದು ಲೋಟ ಕಾಫಿ ಕುಡಿದವರಲ್ಲ. ಒಬ್ಬರ ಮನೆಯಲ್ಲಿ ಕುಡಿದರೆ ಇನ್ನೊಬ್ಬರು ಮುನಿಸಿಕೊಳ್ಳುತ್ತಾರೆ ಅನ್ನುತ್ತಿದ್ದರು. ಜಂಬ ಅಂದುಕೊಂಡು ನಾನೂ ಕರೆಯುವುದನ್ನು ಬಿಟ್ಟಿದ್ದೆ.

ಆಮೇಲೆ ಕೊರೋನಾ ಬಂತು, ಶಾಲೆಗೆ ಬೀಗ ಬಿತ್ತು. ಮೊಮ್ಮಗಳು ಆಗ ಎರಡನೇ ಕ್ಲಾಸು. ಪಾಠ ಫೋನಿನಲ್ಲಿ ಬರುತ್ತದೆ ಅಂದರು. ಮನೆಯಲ್ಲಿದ್ದದ್ದು ಒಂದು ಫೋನು, ಅದು ಮಗನ ಜೇಬಿನಲ್ಲಿ, ಮಗ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ. ಅವನು ಮನೆಗೆ ಬಂದ ಮೇಲೆ ಸಿಗ್ನಲ್ಲು ಬೇಕು ಅಂದರೆ ನೀರಿನ ಟ್ಯಾಂಕಿನ ಹತ್ತಿರ ಹೋಗಿ ನಿಲ್ಲಬೇಕು. ಹೀಗೆ ನಿಂತು ಯಾವ ಮಗು ಏನು ಕಲಿಯುತ್ತದೆ? ಇವಳು ನನ್ನ ಸೆರಗು ಹಿಡಿದು ತೋಟ, ಕೊಟ್ಟಿಗೆ, ಅಟ್ಟ ಎಂದು ಸುತ್ತಿದಳು. ಹಾಲು ಕರೆಯುವುದನ್ನು ಕಲಿತಳು, ಪೊರಕೆ ಕಟ್ಟುವುದನ್ನು ಕಲಿತಳು. ಜೊತೆಗೆ ನನ್ನ ನಾಲಿಗೆಯನ್ನೂ ಕಲಿತಳು. ಕಲಿತಿದ್ದ ಅಕ್ಷರ ಯಾವಾಗ ಮರೆತಳೋ, ಯಾರೂ ನೋಡಲಿಲ್ಲ...

ಶಾಲೆ ಮತ್ತೆ ತೆರೆದಾಗ ಅವಳು ನಾಲ್ಕನೇ ಕ್ಲಾಸು. ಟೀಚರಮ್ಮ ಬಸ್ಸಿಳಿದಾಗ ನನಗೆ ಗುರುತೇ ಹತ್ತಲಿಲ್ಲ. ತುಮಕೂರಿನ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದರಂತೆ. ಆ ದೊಡ್ಡ ಗಂಟಲು ಹೋಗಿ ಗೊಗ್ಗರು ದನಿಯಷ್ಟೇ ಉಳಿದಿತ್ತು. ಬಸ್ಸಿಳಿದು ಶಾಲೆ ಮುಟ್ಟುವುದರೊಳಗೆ ನಮ್ಮ ಜಗಲಿಯ ಕಂಬ ಹಿಡಿದು ನಿಂತು ಸುಧಾರಿಸಿಕೊಳ್ಳುತ್ತಿದ್ದರು. ಇನ್ನೇನು, ವರ್ಗ ಮಾಡಿಸಿಕೊಂಡು ಮನೆ ಹತ್ತಿರ ಹೋಗುತ್ತಾರೆ ಅಂದಿತು ಊರು. ಅವರು ಹೋಗಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಮಗ ಇವಳನ್ನು ಪೇಟೆಯ ಒಂದು ಇಂಗ್ಲಿಷ್ ಶಾಲೆಗೆ ಕರೆದುಕೊಂಡು ಹೋದ. ಜೂನಿಗೆ ಸೇರಿಸುವುದಾದರೆ ಈಗಲೇ ಹೆಸರು ಬರೆಸಬೇಕಂತೆ. ಅಲ್ಲಿ ಹಕ್ಕಿ ಹಾರುವ ಚಿತ್ರ ತೋರಿಸಿ, ಏನಿದೆಯೋ ಕನ್ನಡದಲ್ಲೇ ಬರಿ ಎಂದರಂತೆ. ಇವಳು ಬಹಳ ಹೊತ್ತು ತಿಣುಕಿ "ಅಕ್ಕಿ ಆರತೈತೆ" ಎಂದು ಬರೆದಳಂತೆ. ಅಲ್ಲಿದ್ದ ಒಬ್ಬಾಕೆ, "ಯಾವ ಅಕ್ಕಿ ಪುಟ್ಟಿ, ಸೋನಾ ಮಸೂರಿನಾ?" ಎಂದು ನಕ್ಕಳಂತೆ. ಓದು ಅಂದರೆ ಒಂದು ಸಾಲೂ ಓದಲಾಗಲಿಲ್ಲ. ಒಂದನೇ ಕ್ಲಾಸಿಗಾದರೆ ಸೇರಿಸಿಕೊಳ್ಳುತ್ತೇವೆ ಎಂದು ಕಳಿಸಿದರು.

ಮಗ ಬಂದವನೇ ನನ್ನ ಮೇಲೆ ಹಾರಿಬಿದ್ದ. "ಅವ್ವ, ಎಲ್ಡ್ ವರ್ಸ ನಿನ್ನ ಜೊತೆ ಇದ್ದು ಇದ್ದು ಇವ್ಳು ನಿನ್ನಂಗೇ ಆಗವ್ಳೆ."

"ನನ್ನಂಗಾದ್ರೆ ಏನ್ಲಾ? ಈ ಬಾಯೇ ಅಲ್ವೇನ್ಲಾ ನಿಂಗೆ ಅಪ್ಪ ಅನ್ನೋದ್ ಕಲ್ಸಿದ್ದು?" ಎಂದೆ.

ಅವನ ಬಾಯಿ ಮುಚ್ಚಿಸಿದೆ, ಸರಿ. ಆದರೆ ಮೊಮ್ಮಗಳು ನನ್ನ ಜೊತೆ ಮಾತು ಬಿಟ್ಟಳು. ಪುಟ್ಟ ಮಕ್ಕಳ ಜೊತೆ ಒಂದನೇ ಕ್ಲಾಸಿಗೆ ಹೋಗಿ ಕೂರುವುದಿಲ್ಲ, ಊರಿನ ಶಾಲೆಗೂ ಹೋಗುವುದಿಲ್ಲ ಎಂದು ಹಟ ಹಿಡಿದು, ಅಟ್ಟ ಹತ್ತಿ ಒಳಗಿನ ನೀರು ಆರಿ ಕೊಬ್ಬರಿಯಾಗಲೆಂದು ಹಾಕಿದ್ದ ಕಾಯಿಗಳ ಮಧ್ಯೆ ಕೂತುಬಿಟ್ಟಳು. ಮಾರನೇ ದಿನವೂ ಅದೇ. ಹೆಣ್ಣುಮಗು ಒಂದು ಸಲ ಶಾಲೆ ಬಿಟ್ಟರೆ ಮತ್ತೆ ಹೋಗುವುದು ಕಷ್ಟ ಎನ್ನುವುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಮೂರನೇ ಕ್ಲಾಸಿನಲ್ಲಿ ಬಿಟ್ಟಿದ್ದೂ ಹೀಗೇ, ನಾಲ್ಕು ದಿನದ ಜ್ವರಕ್ಕೆ.

ನೆಟ್ಟಗೆ ಶಾಲೆಗೆ ಹೋದೆ. "ಏನ್ ಟೀಚರಮ್ಮ, ನನ್ ಮೊಮ್ಮಗ್ಳಿಗೆ ಒಂದಕ್ಸರ ಬರಾಕಿಲ್ಲ. ನಿಮ್ಗೆ ಸಂಬ್ಳ ಯಾತಕ್ ಕೊಡ್ತಾರೆ?"

"ಕೂತ್ಕಳಿ ಅಜ್ಜಿ," ಅಂದರು. "ಬೈಯೋರು ಕೂತ್ಕಂಡ್ ಬೈದ್ರೆ ಕೇಳೋರ್ಗೂ ಸಲೀಸು."

ಕೂತೆ. "ಎಲ್ಲಿ, ಹಕ್ಕಿ ಅನ್ನಿ ನೋಡಣ," ಎಂದರು. ಅಕ್ಕಿ ಅಂದೆ. ಕ್ಲಾಸಿನ ಮಕ್ಕಳೆಲ್ಲ ಕಿಸಕ್ಕನೆ ನಕ್ಕವು. "ನಗಬ್ಯಾಡಿ, ನೀವೆಲ್ಲ ಬರ್ದಿರೋದೂ ಅದೇಯ," ಎಂದು ಟೀಚರಮ್ಮ ಅವಕ್ಕೆ ಗದರಿದರು. ಆಮೇಲೆ ನನ್ನ ಕಡೆ ತಿರುಗಿ, ಇವಳೊಬ್ಬಳೇ ಅಲ್ಲ, ಇಡೀ ಕ್ಲಾಸು ಅಜ್ಜಿಯರ ಬಾಯಿ ಕಲಿತುಕೊಂಡು ಬಂದಿದೆ, ಅದು ರೋಗವೂ ಅಲ್ಲ ತಪ್ಪೂ ಅಲ್ಲ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಪಾಠ ಮಾಡಿದರೆ ತಮ್ಮ ತುಟಿಯೂ ಅವಕ್ಕೆ ಕಾಣುವುದಿಲ್ಲ, ಬೇರೇನಾದರೂ ದಾರಿ ನೋಡಬೇಕು ಎಂದರು. ಮಧ್ಯಾಹ್ನ ಊಟದ ಬೆಲ್ಲು ಹೊಡೆದದ್ದೇ ನನ್ನ ಹಿಂದೆಯೇ ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ಮೊದಲ ಸಲ ನಮ್ಮ ಹೊಸ್ತಿಲು ದಾಟಿದ್ದು.

ಕೂಗಿದರೆ ಮೊಮ್ಮಗಳು ಇಳಿಯಲಿಲ್ಲ. ಟೀಚರಮ್ಮ ಸೀರೆ ಎತ್ತಿ ಕಟ್ಟಿ ಏಣಿ ಹತ್ತಿದರು. ಬೇಡ ಅಂದೆ, ಕೇಳಲಿಲ್ಲ. ಒಂದು ಮೆಟ್ಟಿಲು ಹತ್ತುವುದು, ನಿಲ್ಲುವುದು. ಹತ್ತುವುದು, ನಿಲ್ಲುವುದು. ಕೆಳಗೆ ಏಣಿ ಹಿಡಿದಿದ್ದ ನನಗೆ ಆ ಉಸಿರಿನ ಗೊರಗೊರ ಕೇಳುತ್ತಿತ್ತು. ಮೇಲೆ ಹೋಗಿ ಕೂತು ಸುಧಾರಿಸಿಕೊಂಡರು. ಆಮೇಲೆ ಒಂದು ಕಾಯಿ ಎತ್ತಿಕೊಂಡು, "ಇದು ಕೊಬ್ಬರಿ ಆಗೈತೇನೇ?" ಎಂದು ಕೇಳಿದ್ದು ಕೇಳಿಸಿತು.

ಕಾಯಿ ಅಲ್ಲಾಡಿಸಿದ ಸದ್ದು. "ಇನ್ನೂ ಇಲ್ಲ ಮಿಸ್, ಒಳಗೆ ನೀರೈತೆ."

"ಹಂಗಾರೆ ಕೆಟ್ಟೋಗೈತಾ? ಬಿಸಾಕಣ್ವಾ?"

"ಊಂಹೂಂ. ಇನ್ನೊಂದಷ್ಟು ದಿನ ಬುಟ್ರೆ ಆಯ್ತದೆ."

"ನೀನೂ ಅಷ್ಟೇ ಕಣೇ," ಎಂದರು ಟೀಚರಮ್ಮ.

ಅಲ್ಲೇ, ಆ ಕಾಯಿಯ ಮಟ್ಟೆಯಿಂದ ಒಂದು ಎಳೆ ನಾರು ಕಿತ್ತು ಅವಳ ಅಂಗೈ ಮೇಲೆ ಇಟ್ಟರಂತೆ. "ಅ" ಅನ್ನು ಅಂದರಂತೆ. ನಾರು ಕೂತಲ್ಲೇ ಕೂತಿತ್ತು. "ಈಗ ಅದನ್ನ ಹಾರಿಸು, ಊದಬ್ಯಾಡ, ಎದೆಯಿಂದ ಹೇಳು." ಕೆಳಗಿದ್ದ ನನಗೆ ಮೊದಲು ಕೇಳಿಸಿದ್ದು ಮೊಮ್ಮಗಳ ನಗು. ಆಮೇಲೆ "ಹ".

ಮಾರನೇ ದಿನದಿಂದ ಇಡೀ ಕ್ಲಾಸು ಶಾಲೆಯ ಮುಂದಿನ ಹೊಂಗೆ ಮರದಡಿ ದೂರ ದೂರ ಕೂರುವುದು, ಮುಖದ ಬಟ್ಟೆ ಗದ್ದಕ್ಕೆ ಇಳಿಸುವುದು, ಅಂಗೈ ಮೇಲೆ ನಾರು. ನಾರು ಒದಗಿಸುವವಳು ನಾನು. ಟೀಚರಮ್ಮ ನೆಲದ ಮೇಲೆ ಒಂದು ಕಡೆ ಮನೆ ಮಾತು ಬರೆಯುತ್ತಿದ್ದರು, ಪಕ್ಕದಲ್ಲಿ ಪುಸ್ತಕದ ಮಾತು. ಮನೆ ಮಾತನ್ನು ಒಂದು ದಿನವೂ ಹೊಡೆದು ಹಾಕಲಿಲ್ಲ. ಅದನ್ನು ನಾನು ದೂರದಿಂದ ನೋಡಿಕೊಂಡಿದ್ದೇನೆ.

ಆದರೆ ಮಕ್ಕಳು ಮಕ್ಕಳೇ. ಹಕಾರ ಸಿಕ್ಕಿದ್ದೇ ತಡ, ಸಿಕ್ಕಸಿಕ್ಕಲ್ಲಿ ಅಂಟಿಸಲು ಹಿಡಿದವು. ಒಂದು ಸಂಜೆ ಮೊಮ್ಮಗಳು ತಟ್ಟೆ ಮುಂದೆ ಕೂತು, "ಹಜ್ಜಿ, ಹನ್ನ ಹಾಕು. ಹುಂಡ ಮೇಲೆ ಪುಸ್ತಕ ಹೋದ್ತೀನಿ," ಎಂದಳು. "ಯಾವಳೇ ಅದು ಅಜ್ಜಿ? ನಾನೇನ್ ಮೆಕ್ಕೆಗೋಗ್ ಬಂದಿದೀನಾ?" ಎಂದು ಗದರಿದೆ. ನನ್ನ ಬಾಯಲ್ಲಿ ಹಜ್ಜಿಯೂ ಅಜ್ಜಿಯೇ ಆಗಿ, ಅವಳು ಬಿದ್ದು ಬಿದ್ದು ನಕ್ಕಳು.

ಮಾರನೇ ದಿನ ಇದನ್ನು ಟೀಚರಮ್ಮನಿಗೆ ಹೇಳಿದೆ. ಅವರೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಜಗಲಿಯ ಮೇಲೆ ಕೂರಿಸಿ ಬೆನ್ನು ನೀವಿದೆ. ಬೆನ್ನಿನಲ್ಲಿ ಮೂಳೆ ಬಿಟ್ಟರೆ ಬೇರೇನೂ ಕೈಗೆ ಸಿಗಲಿಲ್ಲ. "ರಜಾ ಆಕಿ ಮಲಗ್ಬಾರ್ದಾ ತಾಯಿ?" ಎಂದೆ.

"ಮಲಗಿದ್ರೂ ಉಸ್ರಾಡ್ಬೇಕಲ್ಲ ಅಜ್ಜಿ. ಆ ಉಸ್ರು ಇಲ್ಲೇ ಆಡ್ತೀನಿ ಬುಡಿ," ಎಂದರು. ಅವತ್ತು ಶುಂಠಿ ಮೆಣಸಿನ ಕಷಾಯ ಕೊಟ್ಟೆ, ಕುಡಿದರು. ಕಾಫಿ ಆದರೆ ತಾನೇ ಊರವರು ಮುನಿಸಿಕೊಳ್ಳುವುದು, ಇದು ಔಷಧಿ ಎಂದೆ. ಅವತ್ತಿನಿಂದ ದಿನಾ ಬೆಳಗಿನ ಬಸ್ಸಿನ ಹೊತ್ತಿಗೆ ಕಷಾಯ ಕಾಸಿಡುತ್ತಿದ್ದೆ.

ಮಗ ಬಿಟ್ಟಿರಲಿಲ್ಲ. ಒಂದನೇ ಕ್ಲಾಸಾದರೂ ಸರಿ, ಇಂಗ್ಲಿಷೇ ಆಗಲಿ ಎಂದು ಕೂತಿದ್ದ. ಯುಗಾದಿವರೆಗೆ ನನ್ನ ಹತ್ತಿರ ಬಿಡಿ, ಆಮೇಲೆ ನಿಮ್ಮಿಷ್ಟ ಎಂದು ಟೀಚರಮ್ಮ ಅವನ ಬಾಯಿ ಕಟ್ಟಿಹಾಕಿದ್ದರು. ಸಂಜೆ ಬಸ್ಸು ಬರುವವರೆಗೂ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತಿದ್ದರು. ದನಿ ಏಳದ ದಿನ ಬೆರಳಿನಲ್ಲಿ ಅಕ್ಷರ ತೋರಿಸುತ್ತಿದ್ದರು, ಮಕ್ಕಳೇ ಜೋರಾಗಿ ಹೇಳುತ್ತಿದ್ದವು.

ಯುಗಾದಿ ದಿನ ಹೋಳಿಗೆ ತಿಂದು ಮಗ ಪೇಪರ್ ಹಿಡಿದು ಕೂತ. ಮಗಳನ್ನು ಕರೆದು, "ಓದು ನೋಡಣ," ಎಂದು ಮುಂದಿಟ್ಟ. ಸೊಸೆ ಅಡುಗೆಮನೆ ಬಾಗಿಲಿಗೆ ಬಂದು ನಿಂತಳು. ಮೊಮ್ಮಗಳು ಬೆರಳಿಟ್ಟು ಒಂದೊಂದೇ ಅಕ್ಷರ ಜೋಡಿಸಿದಳು. ಕೊಬ್ಬರಿ... ಮಾರುಕಟ್ಟೆ... ಮುಂದಿನ ಮಾತಿಗೆ ತಡೆದಳು. ಅವಳು ಎಡಗೈಯನ್ನು ಬಾಯಿ ಮುಂದೆ ಹಿಡಿದು, ಇಲ್ಲದ ನಾರನ್ನು ಹಾರಿಸುವಂತೆ, "ಹ... ಹರಾಜು," ಎಂದಳು.

ಮಗ ವಾರಕ್ಕೆರಡು ಸಲ ಆ ಹರಾಜಿಗೆ ಹೋಗುವವನು. "ಅರಾಜು ಅಂತ ಬರ್ದೈತಾ?" ಎಂದ.

"ಅರಾಜಲ್ಲ ಅಪ್ಪ, ಹರಾಜು. ಕೈ ಇಡು ಇಲ್ಲಿ."

ದೊಡ್ಡ ಗಂಡಸು, ಅಂಗೈ ಬಾಯಿ ಮುಂದೆ ಹಿಡಿದುಕೊಂಡು ಹೇಳಿ ನೋಡಿದ. ಬರಲಿಲ್ಲ. ಇನ್ನೊಂದು ಸಲ ಹೇಳಿದ. ಆಮೇಲೆ ಪೇಪರ್ ಮಡಚಿ, "ಇಲ್ಲೇ ಓದ್ಲಿ ಬುಡು," ಎಂದು ಎದ್ದುಹೋದ.

ಟೀಚರಮ್ಮ ಶಾಲೆ ಉಳಿಸಿದರು ಎಂದು ಬರೆಸಿದರೆ ಸುಳ್ಳಾಗುತ್ತದೆ. ಶಾಲೆ ಉಳಿಯಲಿಲ್ಲ. ಪೇಟೆ ಶಾಲೆಯ ಹಳದಿ ವ್ಯಾನು ಊರ ಬಾಗಿಲಿಗೇ ಬರತೊಡಗಿತು, ಮಕ್ಕಳು ಒಬ್ಬೊಬ್ಬರಾಗಿ ಅದನ್ನು ಹತ್ತಿದವು. ಉಳಿದವರನ್ನು ಪಕ್ಕದೂರಿನ ಶಾಲೆಗೆ ಸೇರಿಸಿ ಇಲ್ಲಿ ಬೀಗ ಹಾಕಿದರು. ಅಪ್ಪ ಅಮ್ಮಂದಿರನ್ನು ನಾನು ಬೈಯುವುದಿಲ್ಲ. ತಮಗೆ ಸಿಗದಿದ್ದದ್ದು ಮಕ್ಕಳಿಗೆ ಸಿಗಲಿ ಅನ್ನುವುದು ಎಲ್ಲರಿಗೂ ಇರುತ್ತದೆ. ಆದರೆ ವ್ಯಾನು ಹತ್ತಿದ ಮಕ್ಕಳಿಗಾಗಿ ಯಾರಾದರೂ ಅಟ್ಟ ಹತ್ತುತ್ತಾರೋ ಇಲ್ಲವೋ, ನನಗೆ ಗೊತ್ತಿಲ್ಲ. ನನ್ನ ಮೊಮ್ಮಗಳು ಈಗ ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡದಲ್ಲೇ ಓದುತ್ತಿದ್ದಾಳೆ. ಟೀಚರಮ್ಮ ಹತ್ತುತ್ತಿದ್ದ ಬಸ್ಸಿನಲ್ಲೇ ಹೋಗಿ ಬರುತ್ತಾಳೆ.

ಬೀಗ ಬಿದ್ದದ್ದನ್ನು ಟೀಚರಮ್ಮ ನೋಡಲಿಲ್ಲ. ಆ ಯುಗಾದಿ ಕಳೆದು ಬಂದ ಕಾರ್ತಿಕದ ಚಳಿಯಲ್ಲಿ ಒಂದು ಬೆಳಿಗ್ಗೆ ಅವರು ಬಸ್ಸಿನಿಂದ ಇಳಿಯಲಿಲ್ಲ. ಕಷಾಯ ಆರಿಹೋಯಿತು. ಮಾರನೇ ದಿನವೂ ಇಳಿಯಲಿಲ್ಲ. ಆಮೇಲೆ ಕಂಡಕ್ಟರ್ ಸುದ್ದಿ ತಂದ...

ಇಷ್ಟು ಬರೆಸಿ, ಮುಂದಿನ ಮಾತು ಹೇಳಿದೆ. "ಟೀಚರಮ್ಮ ಓದ್ರು."

ಮೊಮ್ಮಗಳ ಪೆನ್ನು ನಿಂತಿತು. ನನ್ನ ಬಾಯಲ್ಲಿ ಓದುವುದಕ್ಕೂ ಹೋಗುವುದಕ್ಕೂ ಬೇರೆ ಮಾತಿಲ್ಲ. "ಹೆಂಗ್ ಬರೀಲಿ ಅಜ್ಜಿ?" ಎಂದು ಕೇಳಿದಳು. ಗೊತ್ತಿಲ್ಲದೆ ಕೇಳಿದ್ದಲ್ಲ. ಸುದ್ದಿ ಬಂದ ದಿನ ಅವಳೂ ನನ್ನ ಪಕ್ಕದಲ್ಲೇ ನಿಂತಿದ್ದಳು.

ಸೆರಗಿಗೆ ಅಂಟಿದ್ದ ನಾರಿನ ಎಳೆಯೊಂದನ್ನು ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಬಾಯಿ ಹತ್ತಿರ ತಂದು, ಎದೆಯಿಂದ ಹೇಳಿದೆ.

"ಹೋದ್ರು."

ನಾರು ಹಾರಿತು. ಅವಳು ಬರೆದುಕೊಂಡಳು.