ಹಡಗಿನ ಒಳಕೋಣೆ

ಹಡಗಿನ ಕೋಣೆಗಳ ನಕ್ಷೆಯನ್ನು ಟ್ರಾವೆಲ್ ಏಜೆಂಟ್ ಮೇಜಿನ ಮೇಲೆ ಹರಡಿದ ಕೂಡಲೇ ನನ್ನ ಗಂಡ ಕೇಳಿದ ಮೊದಲ ಪ್ರಶ್ನೆ, "ಯೇ ಕಾರ್ಪೆಟ್ ಏರಿಯಾ ಹೈ ಯಾ ಬಿಲ್ಟ್‌ಅಪ್?"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಆ ಹೆಂಗಸು ನಗಲಿಲ್ಲ. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಪೂರ್ವದಲ್ಲಿ ಅಂಗಡಿ ಇಟ್ಟುಕೊಂಡವಳಿಗೆ ಈ ಪ್ರಶ್ನೆ ಹೊಸದಾಗಿರಲಿಕ್ಕಿಲ್ಲ. "ಕಾರ್ಪೆಟ್, ಸರ್. ಪೂರಾ ಕಾರ್ಪೆಟ್" ಎಂದು ಗಂಭೀರವಾಗಿಯೇ ಹೇಳಿದಳು. ಇವರಿಗೆ ಸಮಾಧಾನವಾಯಿತು. ಇವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ತೀರಿಹೋದ ಮಾವನವರು ನಮ್ಮ ಮನೆ ಕೊಂಡಾಗ ಬಿಲ್ಡರು ಹೇಳಿದ ಬಿಲ್ಟ್‌ಅಪ್ ಅಳತೆಯಲ್ಲಿ ಮೆಟ್ಟಿಲು, ಗೋಡೆಯ ದಪ್ಪ, ನೀರಿನ ಟ್ಯಾಂಕಿನ ನೆರಳು ಎಲ್ಲವೂ ಸೇರಿತ್ತಂತೆ. ಸಾಮಾನು ಇಳಿಸುವಾಗ ಕಪಾಟು ಬಾಗಿಲಲ್ಲೇ ನಿಂತಿತಂತೆ. ಆ ಸಿಟ್ಟು ತಂದೆಯಿಂದ ಮಗನಿಗೆ ಆಸ್ತಿಯ ಜೊತೆಗೇ ಬಂದಿದೆ.

ವಿಷಯ ಇಷ್ಟು. ಇವರು ಒಂದೇ ಕಂಪನಿಯಲ್ಲಿ ಇಪ್ಪತ್ತು ವರ್ಷ ದುಡಿದದ್ದಕ್ಕೆ ಕಂಪನಿಯವರು ಪ್ರವಾಸದ ಖರ್ಚು ಕೊಟ್ಟಿದ್ದರು. ಆಗ ನಮ್ಮ ಕಡೆ ಎಲ್ಲರ ಬಾಯಲ್ಲೂ ಹಡಗಿನ ಮಾತೇ. ಮುಂಬೈ ಬಂದರಿನಿಂದ ಗೋವಾಕ್ಕೆ ಹೋಗಿ ಬರುವುದು, ಎರಡು ರಾತ್ರಿ ಹಡಗಿನಲ್ಲೇ. ಕಂಪನಿ ಕೊಟ್ಟ ಹಣಕ್ಕೆ ನಾವಿಬ್ಬರು, ಅತ್ತೆ, ಮಗಳು, ನಾಲ್ವರಿಗೂ ಸೇರಿ ಒಂದು ಪುಟ್ಟ ಕೋಣೆ ಸಿಗುತ್ತಿತ್ತು. ಅದಕ್ಕೆ ಕಿಟಕಿಯಿಲ್ಲ. ಕೆಳಗೆ ಎರಡು ಹಾಸಿಗೆ, ಉಳಿದೆರಡು ರೈಲಿನ ಬರ್ತಿನ ಹಾಗೆ ಗೋಡೆಯಿಂದ ಇಳಿಯುತ್ತವೆ. ದೊಡ್ಡದು ಬೇಕಾದರೆ ಬಾಲ್ಕನಿಯಿರುವ ಸೂಟ್ ಇತ್ತು: ಹೊರಗೊಂದು ಕೂರುವ ಕೋಣೆ, ಒಳಗೊಂದು ಮಲಗುವ ಕೋಣೆ, ನಡುವೆ ಬಾಗಿಲು. ಅದಕ್ಕೆ ಕೈಯಿಂದ ಹಾಕಬೇಕಾದ ಹೆಚ್ಚಿನ ಹಣ, ಬೆಡ್‌ರೂಮಿಗೆ ಎ.ಸಿ. ಹಾಕಿಸಲೆಂದು ನಾನು ತೆಗೆದಿಟ್ಟಿದ್ದಕ್ಕೆ ಸರಿಹೋಗುತ್ತಿತ್ತು.

ನನಗೆ ದೊಡ್ಡದೇ ಬೇಕಿತ್ತು. ಕಾರಣ ಉದಾತ್ತವೇನಲ್ಲ. ಬೆಳಗಿನ ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನನ್ನ ಜೊತೆ ನಿಲ್ಲುವ ಒಬ್ಬಳು ಹಿಂದಿನ ತಿಂಗಳು ತನ್ನ ಬಾಲ್ಕನಿಯ ಫೋಟೊ ತೋರಿಸಿ ತೋರಿಸಿ ನಮ್ಮ ಹೊಟ್ಟೆ ಉರಿಸಿದ್ದಳು. ಕಿಟಕಿಯಿಲ್ಲದ ಕೋಣೆಯ ಫೋಟೊ ಯಾರಿಗೆ ತೋರಿಸುವುದು?

ಮನೆಗೆ ಬಂದ ಮೇಲೆ ವಾದ ಶುರುವಾಯಿತು.

"ರೂಮು ಮಲಗ್ಲಿಕ್ಕೆ ಮಾತ್ರ ಅಲ್ವಾ ಮಾರಾಯ್ತಿ? ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು" ಎಂದರು ಇವರು.

"ಹಾಸಿಗೆನೇ ಗೋಡೆಯಿಂದ ನೇತಾಡುತ್ತಂತೆ ಕಣ್ರೀ, ಕಾಲು ಎಲ್ಲಿಗೆ ಚಾಚೋದು?"

ಆಗ ಇವರು ತಮ್ಮ ಬ್ರಹ್ಮಾಸ್ತ್ರ ತೆಗೆದರು. ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ರೈಲಿನ ಫಸ್ಟ್ ಕ್ಲಾಸ್ ಪಾಸ್ ಮಾಡಿಸದವರು ಇವರು. "ಫಸ್ಟ್ ಕ್ಲಾಸಿನವನೂ ನಿಂತ್ಕೊಂಡೇ ಹೋಗುದು, ನಾನೂ ನಿಂತ್ಕೊಂಡೇ ಹೋಗುದು. ಥಾಣೆ ಇಬ್ಬರಿಗೂ ಒಟ್ಟಿಗೇ ಬರ್ತದೆ. ಗೋವಾ ಕೂಡ ಹಾಗೇ." ಏಳನೆಯ ಕ್ಲಾಸಿನ ಮಗಳು ಫೋನಿನಿಂದ ತಲೆಯೆತ್ತದೆ, "ವಹಾಂ ವೈಫೈ ಹೈ ಕ್ಯಾ?" ಎಂದು ಕೇಳಿ ತನ್ನ ಮತ ಚಲಾಯಿಸಿದಳು.

ಎಲ್ಲವನ್ನೂ ದಿವಾನದ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದ ಅತ್ತೆ ಒಂದೇ ಮಾತಿನಲ್ಲಿ ಜಗಳ ಮುಗಿಸಿದರು. "ನಾನು ಬರುದಿಲ್ಲ. ಮೂರು ಜನಕ್ಕೆ ಸಣ್ಣ ರೂಮು ಧಾರಾಳ ಆಗ್ತದೆ. ನಾನು ಖಾರಘರಕ್ಕೆ ಹೋಗಿ ತಂಗಿ ಒಟ್ಟಿಗೆ ಇರ್ತೇನೆ."

ನಿಜ ಹೇಳಬೇಕೆಂದರೆ ನನಗೆ ಒಂದು ಕ್ಷಣ ಹಾಯೆನಿಸಿತು.

ಇಲ್ಲಿ ನಮ್ಮ ಮನೆಯ ವಿಚಾರ ಸ್ವಲ್ಪ ಹೇಳಬೇಕು. ನನ್ನ ತವರು ಮೈಸೂರು, ಅತ್ತೆ ಉಡುಪಿಯ ಕಡೆಯವರು. ಮಗನ ಜೊತೆ ತುಳು, ನನ್ನ ಜೊತೆ ಕನ್ನಡ, ಮೊಮ್ಮಗಳ ಜೊತೆ ಅರ್ಧಂಬರ್ಧ ಹಿಂದಿ ಆಡುತ್ತಾರೆ. ನಮ್ಮದು ಒಂದು ಹಾಲ್, ಒಂದು ಬೆಡ್‌ರೂಮು, ಅಡಿಗೆಮನೆಯ ಫ್ಲ್ಯಾಟು. ನಾನು ಮದುವೆಯಾಗಿ ಬರುವ ಹಿಂದಿನ ದಿನ ಅತ್ತೆ ತಮ್ಮ ದಿಂಬು, ಹೊದಿಕೆಗಳನ್ನು ಹಾಲ್‌ಗೆ ತಂದು ದಿವಾನದ ಮೇಲಿಟ್ಟರಂತೆ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿಂದ ಹದಿನಾಲ್ಕು ವರ್ಷ ಅವರ ಮಂಚ ಅದೇ. ಹಗಲು ಅದರ ಮೇಲೆ ಬಂದವರು ಕೂರುತ್ತಾರೆ. ನಮ್ಮ ಟಿವಿ ಮುಗಿಯುವವರೆಗೆ ಅವರಿಗೆ ಮಲಗುವ ಹಾಗಿಲ್ಲ. ಬೆಳಗ್ಗೆ ಯಾರಾದರೂ ಬೆಲ್ ಒತ್ತಿದರೆ ಬಾಗಿಲಿಗೆ ಹತ್ತಿರ ಮಲಗಿದವರೇ ಏಳಬೇಕು. ಮೊಮ್ಮಗಳು ದೊಡ್ಡವಳಾದ ಮೇಲೆ ಅವಳ ಹಾಸಿಗೆಯೂ ಕೆಳಗೆ ನೆಲದ ಮೇಲೆ ಬಂತು. ಇದರಲ್ಲಿ ನನಗೆ ಯಾವತ್ತೂ ವಿಶೇಷ ಕಂಡಿರಲಿಲ್ಲ, ನಮ್ಮ ಬಿಲ್ಡಿಂಗಿನ ಅತ್ತೆಯರೆಲ್ಲ ಹಾಲ್‌ನಲ್ಲೇ ಮಲಗುತ್ತಿದ್ದರು.

ಅತ್ತೆಗೆ ಖಾರಘರವೂ ಹೊಸದಲ್ಲ. ಪ್ರತಿ ಶನಿವಾರ ಊಟವಾದ ಮೇಲೆ ಕೊಡೆ ಹಿಡಿದು, ಕೈಚೀಲದಲ್ಲಿ ನೀರಿನ ಬಾಟಲಿ ಹಾಕಿಕೊಂಡು ತಂಗಿಯ ಮನೆಗೆಂದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಬರುವುದು. ಮಗಳು ಹುಟ್ಟಿದ ಮೇಲೆ ಅವಳನ್ನೂ ಸೊಂಟಕ್ಕೇರಿಸಿಕೊಂಡು ಹೋಗುತ್ತಿದ್ದರು. ಥಾಣೆಗೆ ಹೋಗಿ ಅಲ್ಲಿ ಗಾಡಿ ಬದಲಿಸಿ ಇಷ್ಟು ದೂರ ಯಾಕೆ ಒದ್ದಾಡುತ್ತಾರೋ ಎಂದು ನಾನು ಗೊಣಗಿದ್ದುಂಟು. ರೈಲಿನ ಗೆಳತಿಯರ ಮುಂದೆ, "ನಮ್ಮತ್ತೆ ಕಾಲಿಗೆ ಚಕ್ರ ಕಟ್ಟಿದೆ ಕಣ್ರೇ" ಎಂದು ನಗಾಡಿದ್ದೂ ಉಂಟು.

ನನ್ನ ಆಫೀಸು ಇದ್ದದ್ದು ಥಾಣೆಗೂ ಖಾರಘರಕ್ಕೂ ನಡುವಿನ ರಬಾಳೆಯಲ್ಲಿ. ಮರುದಿನ ಸಂಜೆ ಕೆಲಸ ಮುಗಿಸಿ ಮನೆಯ ಗಾಡಿ ಹತ್ತುವ ಬದಲು ಎದುರು ದಿಕ್ಕಿನ ಗಾಡಿ ಹತ್ತಿ ಖಾರಘರಕ್ಕೆ ಹೋದೆ. ಅತ್ತೆಯ ತಂಗಿಯನ್ನು ನಾವು ಚಿಕ್ಕಮ್ಮ ಎನ್ನುತ್ತೇವೆ. ಗುಡ್ಡದ ಬುಡದ ಬಿಲ್ಡಿಂಗು, ಒಂಬತ್ತನೆಯ ಮಹಡಿ. ಹೋದ ಕೂಡಲೇ ಕಾಫಿ, ಬಿಸಿ ಗೋಳಿಬಜೆ ಬಂತು. ನಾನು ವಿಷಯ ಹೇಳಿದೆ, ನಾವು ಹೋಗಿ ಬರುವವರೆಗೆ ಅತ್ತೆ ಇಲ್ಲಿರಬಹುದೇ ಎಂದೆ.

"ಕೇಳುದೆಂತ? ಎಷ್ಟು ದಿನ ಬೇಕಾದ್ರೂ ಇರ್ಲಿ. ಅವಳು ಬರುದೇ ಅಪರೂಪ" ಎಂದರು ಚಿಕ್ಕಮ್ಮ.

"ಅಪರೂಪ ಏನ್ ಬಂತು ಚಿಕ್ಕಮ್ಮ, ವಾರ ವಾರ ಬರ್ತಾರಲ್ಲ!"

"ವಾರ ವಾರವಾ? ಎರಡು ತಿಂಗಳಿಗೊಮ್ಮೆ ಬಂದ್ರೆ ಹೆಚ್ಚು." ಅಷ್ಟು ಹೇಳಿದ ಮೇಲೆ ಚಿಕ್ಕಮ್ಮನಿಗೆ ಏನೋ ನೆನಪಾಯಿತು. ಎದ್ದು ಹೋಗಿ ಇನ್ನೂ ನಾಲ್ಕು ಗೋಳಿಬಜೆ ತಂದು ನನ್ನ ತಟ್ಟೆಗೆ ಸುರಿದರು. ನಾನು ಬಿಡುವ ಜಾತಿಯವಳಲ್ಲ. ಹಾಗಾದರೆ ಶನಿವಾರ ಶನಿವಾರ ಅತ್ತೆ ಹೋಗುವುದೆಲ್ಲಿಗೆ ಎಂದು ನೇರವಾಗಿ ಕೇಳಿದೆ.

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಇನ್ನು ಅಡಗಿಸಿ ಎಂತ ಆಗ್ಲಿಕ್ಕುಂಟು. ನಿಮ್ಮ ಮದುವೆ ಆದ ಹೊಸತರಲ್ಲಿ ಅಕ್ಕ ಹೇಳಿದ್ಲು, 'ಹೊಸ ಜೋಡಿ, ಇರುದು ಒಂದು ಗೋಡೆ. ವಾರಕ್ಕೆ ಒಂದು ಮಧ್ಯಾಹ್ನ ಆದ್ರೂ ಮನೆ ಅವರದ್ದೇ ಆಗ್ಬೇಕು. ಯಾರಾದ್ರೂ ಕೇಳಿದ್ರೆ ನಿನ್ನಲ್ಲಿಗೆ ಬಂದಿದ್ದೆ ಅಂತ ಹೇಳು' ಅಂತ. ದೇವಸ್ಥಾನದಲ್ಲಿ ಕೂತ್ಕೊಳ್ತಾಳಂತೆ. ಕಲ್ಯಾಣದವರೆಗೆ ಹೋಗಿ ಅದೇ ಗಾಡಿಯಲ್ಲಿ ವಾಪಸ್ ಬರ್ತಾಳಂತೆ. ಒಮ್ಮೆ ಕಣ್ಣು ಹತ್ತಿ ಕಲ್ಯಾಣ ದಾಟಿ ಶಹಾಡಿಗೆ ಮುಟ್ಟಿದ್ಲಂತೆ, ಅಲ್ಲೊಂದು ಚಹಾ ಕುಡಿದು ಬಂದ್ಲಂತೆ. ಮತ್ತೆ ಅದೇ ಅಭ್ಯಾಸ ಆಯ್ತು."

ನನ್ನ ಕಿವಿ ಬಿಸಿಯಾಯಿತು. ಮುಖ ಎಲ್ಲಿಡಬೇಕೆಂದು ತಿಳಿಯದೆ ಕಿಟಕಿಯಾಚೆಯ ಗುಡ್ಡ ನೋಡುತ್ತ ಕೂತೆ. ನಾಚಿಕೆಯ ಹಿಂದೆಯೇ ನಗುವೂ ಬಂತು, ಏಕೆಂದರೆ ಮೊದಲ ಒಂದೆರಡು ವರ್ಷ ಬಿಟ್ಟರೆ ಉಳಿದ ಶನಿವಾರಗಳನ್ನೆಲ್ಲ ನಾವಿಬ್ಬರೂ ಗೊರಕೆ ಹೊಡೆದೇ ಕಳೆದಿದ್ದೆವು. ಅಷ್ಟಕ್ಕಾಗಿ ಆ ಹೆಂಗಸು ಹದಿನಾಲ್ಕು ವರ್ಷ ಊರಿಡೀ ಸುತ್ತಿದ್ದಾರೆ. ನಾನು ಅದನ್ನು ಚಟವೆಂದು ಹತ್ತು ಜನರ ಮುಂದೆ ಆಡಿಕೊಂಡಿದ್ದೇನೆ. ವಾಪಸು ಬರುವಾಗ ಗಾಡಿಯಲ್ಲಿ ಸೀಟು ಸಿಕ್ಕಿತು, ಆದರೂ ಕೂರಲು ಮನಸ್ಸಾಗಲಿಲ್ಲ.

ಮನೆಗೆ ಬಂದಾಗ ಅತ್ತೆ ಕೆಳಗೆ ತರಕಾರಿಗೆ ಹೋಗಿದ್ದರು. ಇವರು ನಕ್ಷೆ ಹಿಡಿದು ಕಾಯುತ್ತಿದ್ದರು, ಮುಖದಲ್ಲಿ ದೊಡ್ಡ ನಗು. "ನೋಡು, ನೀನೇ ಗೆದ್ದೆ. ದೊಡ್ಡದೇ ತೆಗೆದುಕೊಳ್ಳುವ. ಅಮ್ಮನನ್ನೂ ಕರ್ಕೊಂಡು ಹೋಗ್ಬಹುದು. ನಾವಿಬ್ಬರು ಒಳಗೆ, ಅಮ್ಮನೂ ಮಗುವೂ ಹೊರಗೆ. ಸೋಫಾ ಬಿಚ್ಚಿದ್ರೆ ಹಾಸಿಗೆ ಆಗ್ತದಂತೆ."

ಇವರ ಬೆರಳು ನಕ್ಷೆಯ ಮೇಲೆ ಓಡಾಡುತ್ತಿತ್ತು. ಆಗ ನನಗೆ ಅದು ಕಾಣಿಸಿತು. ಹೊರಗೊಂದು ಕೋಣೆ, ಅದರಲ್ಲೊಂದು ಸೋಫಾ, ಟಿವಿ, ಪಕ್ಕದಲ್ಲೇ ಮುಂಬಾಗಿಲು. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಹೊಟ್ಟೆಯೊಳಗಿನ ಸಿಟ್ಟೆಲ್ಲ ಪಾಪ ಇವರ ಮೇಲೆ ಬಿತ್ತು.

"ಏನ್ರೀ ಇದು? ಇದು ನಮ್ಮ ಮನೆನೇ ಅಲ್ವಾ? ಎ.ಸಿ. ದುಡ್ಡು ಸುರಿದು ಡೊಂಬಿವಲಿನೇ ಸಮುದ್ರದ ಮೇಲೆ ತೇಲಿಸ್ಬೇಕಾ? ಅಲ್ಲೂ ನಿಮ್ಮಮ್ಮ ಬಾಗಿಲು ಕಾಯ್ಬೇಕಾ?"

"ಮತ್ತೆ ನೀನೇ ದೊಡ್ಡದು ಬೇಕು ಅಂದದ್ದಲ್ವಾ?"

"ಈಗಲೂ ಬೇಕು. ಒಳಗಿನ ರೂಮು ಅತ್ತೆಗೆ, ಒಬ್ಬರಿಗೇ. ನಾವು ಮೂರೂ ಜನ ಹೊರಗೆ."

ಇವರು ನನ್ನನ್ನು ಹುಚ್ಚಿಯನ್ನು ನೋಡಿದಂತೆ ನೋಡಿದರು. ನಾನು ಖಾರಘರದಲ್ಲಿ ಕೇಳಿದ್ದನ್ನು ಹೇಳಿದೆ. ಇವರು ನಕ್ಷೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು. ಮಾರನೆಯ ದಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಟ್ರಾವೆಲ್ ಏಜೆಂಟಿನ ಬಳಿ ಹೋಗಿ ಹಣ ಕಟ್ಟಿ ಬಂದರು.

ಅತ್ತೆಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಒಂದು ಸುಳ್ಳು ಸಾಕಾಯಿತು. ನಾಲ್ಕು ಟಿಕೆಟ್ ಆಗಿದೆ, ಒಬ್ಬರು ಬರದಿದ್ದರೂ ಹಣ ವಾಪಸ್ಸಿಲ್ಲ ಎಂದೆ. "ಸುಮ್ಮನೆ ದಂಡವಾ?" ಎಂದು ಗಾಬರಿಯಾದವರು ಅಂದೇ ಪೆಟ್ಟಿಗೆ ಇಳಿಸಿ ಸೀರೆ ಆರಿಸತೊಡಗಿದರು. ಕೋಣೆಯ ವಿಚಾರ ಮಾತ್ರ ನಾವು ಬಾಯಿ ಬಿಡಲಿಲ್ಲ. ಚಿಕ್ಕಮ್ಮ ಗುಟ್ಟು ಬಿಟ್ಟದ್ದನ್ನೂ ಹೇಳಲಿಲ್ಲ.

ಹಡಗು ಹತ್ತಿದ ದಿನ ನಮ್ಮ ಕೋಣೆಯ ಬಾಗಿಲು ತೆರೆದಾಗ ಮಗಳು ಬಾಲ್ಕನಿಗೆ ಓಡಿದಳು, ಇವರು ಹೆಜ್ಜೆಯಲ್ಲಿ ಕೋಣೆಯ ಉದ್ದ ಅಳೆದು ನೋಡಿದರು. ಅತ್ತೆ ಸುತ್ತ ಒಮ್ಮೆ ಕಣ್ಣಾಡಿಸಿ ನೇರ ಸೋಫಾದ ಬಳಿ ಹೋಗಿ ತಮ್ಮ ಚೀಲ ಅದರ ಕೆಳಗೆ ತುರುಕಿದರು. "ಇದು ನನಗೆ ಆಯ್ತು. ನೀವು ಒಳಗೆ ಹೋಗಿ" ಎಂದರು. ನಾನು ಚೀಲ ಎಳೆದು ತೆಗೆದು ಒಳಕೋಣೆಯ ಮಂಚದ ಮೇಲಿಟ್ಟೆ.

"ಛೆ, ಎಂತ ಮಾಡ್ತಿ ನೀನು? ಮಕ್ಕಳನ್ನು ಹೊರಗೆ ಹಾಕಿ ನಾನು ಒಳಗೆ ಮಲಗುದಾ? ಕಂಡವರು ಎಂತ ಹೇಳ್ತಾರೆ?"

"ನಡು ಸಮುದ್ರದಲ್ಲಿ ಕಾಣೋರು ಯಾರತ್ತೆ, ಮೀನಾ?"

ಅವರು ಮಗನ ಮುಖ ನೋಡಿದರು. ಇವರು ತುಳುವಿನಲ್ಲಿ ಏನೋ ಸಣ್ಣಗೆ ಹೇಳಿದರು, ನನಗೆ ಕೇಳಿಸಲಿಲ್ಲ. ಅತ್ತೆ ಒಳಗೆ ಹೋಗಿ ಮಂಚದ ತುದಿಯಲ್ಲಿ ಕೂತರು. ದೊಡ್ಡ ಮಂಚ, ಬಿಳಿ ಚಾದರ, ನಡುವೆ ಅವರ ಹಳೆಯ ಚೀಲ. ಸ್ವಲ್ಪ ಹೊತ್ತಿಗೆ ಬಾಗಿಲ ಚಿಲಕದ ಸದ್ದು ಕೇಳಿಸಿತು. ಹಾಕಿದರು, ತೆಗೆದರು, ಮತ್ತೊಮ್ಮೆ ಹಾಕಿದರು. ಹೊರಗೆ ನಾವು ಮೂವರೂ ಆ ಸದ್ದನ್ನೇ ಎಣಿಸುತ್ತ ಕೂತಿದ್ದೆವು.

ಆ ಕೋಣೆಯಲ್ಲಿ ನಾವು ಯೋಚಿಸದೆ ಬಿಟ್ಟ ಸಂಗತಿಯೊಂದಿತ್ತು. ಕಾರ್ಪೆಟ್ ಏರಿಯಾ ಕೇಳಿದ ಮಹಾನುಭಾವರು ಬಾತ್‌ರೂಮು ಎಲ್ಲಿದೆ ಎಂದು ನೋಡಿರಲಿಲ್ಲ. ಅದು ಒಳಕೋಣೆಗೆ ಸೇರಿತ್ತು.

ಬೆಳಗ್ಗೆ ಎಚ್ಚರವಾದಾಗ ಬಾಲ್ಕನಿಯ ತುಂಬ ಬಿಸಿಲು. ಸೋಫಾದಲ್ಲಿ ಮಗಳೂ ನಾನೂ, ನೆಲದ ಹಾಸಿಗೆಯಲ್ಲಿ ಇವರು. ಬೆನ್ನು ನೋಯುತ್ತದೆಂದು ರಾಗ ಎಳೆಯುತ್ತಲೇ ಎದ್ದರು. ವರ್ಷಗಟ್ಟಲೆ ಬೆಳಗಿನ ಲೋಕಲ್ಲಿಗೆ ಓಡಿದ ದೇಹ, ರಜೆಯೆಂದರೆ ಅದಕ್ಕೇನು ಗೊತ್ತು? ಹೆಗಲಿಗೆ ಟವೆಲು ಹಾಕಿಕೊಂಡು ಒಳಬಾಗಿಲು ತಟ್ಟಿದರು. ಇನ್ನೊಮ್ಮೆ ತಟ್ಟಿದರು.

ಒಳಗಿನಿಂದ ಅತ್ತೆಯ ಸ್ವರ ಬಂತು. ನಿದ್ದೆಗಣ್ಣಿನ, ಗಾಬರಿಯೇನೂ ಇಲ್ಲದ ಸ್ವರ.

"ಯಾರದು?"

"ನಾನು ಅಮ್ಮ."

"ಈಗ ಆಗುದಿಲ್ಲ. ನಾನಿನ್ನೂ ಎದ್ದಿಲ್ಲ. ಮತ್ತೆ ಬಾ."

ಇವರು ನನ್ನ ಕಡೆ ತಿರುಗಿದರು. ಹದಿನಾಲ್ಕು ವರ್ಷದಲ್ಲಿ ಅತ್ತೆಯ ಬಾಯಿಂದ 'ಆಗುದಿಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ನನಗೆ ಕಣ್ಣು ತುಂಬಿ ಬಂತು, ನಗುವೂ ತಡೆಯದಾಯಿತು.

"ಬಾಗಿಲು ತೆಗೀಲಿಕ್ಕಿಲ್ಲ ಅಂತಾಳೆ ಅಮ್ಮ" ಎಂದರು ಇವರು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ.

"ಅವರ ರೂಮು ಕಣ್ರೀ. ಅವರಿಷ್ಟ" ಎಂದೆ. "ಕೆಳಗಿನ ಡೆಕ್‌ನಲ್ಲಿ ಎಲ್ಲರಿಗೂ ಅಂತ ಒಂದಿದೆ, ಬೇಗ ಓಡಿ."