ಎದುರುಮನೆಯ ಹೊಲಿಗೆ ಮಿಶನ್

ಮಗಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸಿದೆವು ಎಂದರೆ ಪೂರ್ತಿ ನಿಜವಲ್ಲ. ಕಲಿಸಿದ್ದು ಹೊಳೆನರಸೀಪುರದ ನಮ್ಮ ಬೀದಿ. ತೊಂಬತ್ತರ ದಶಕದ ಕೊನೆ. ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ; ಪರೀಕ್ಷೆ, ಪಠ್ಯ, ಗಂಟೆ ಯಾವುದರಲ್ಲೂ ನಂಬಿಕೆ ಉಳಿದಿರಲಿಲ್ಲ. ಮಗು ತನಗೆ ಬೇಕಾದ್ದನ್ನು, ಬೇಕಾದ ಹೊತ್ತಿನಲ್ಲಿ, ಬೇಕಾದವರ ಹತ್ತಿರ ಕಲಿಯಲಿ ಎನ್ನುವುದೊಂದೇ ನಮ್ಮನೆಯ ನಿಯಮ. ಅವಳು ಪೇಟೆಯ ಮಂಡಿಯಲ್ಲಿ ತೆಂಗಿನಕಾಯಿ ಆರಿಸುವುದನ್ನು ಕಲಿತಳು, ಹೊಳೆಯಲ್ಲಿ ಈಜು ಕಲಿತಳು. ಹತ್ತನೇ ವಯಸ್ಸಿಗೆ ಹೊಲಿಗೆಯ ಹುಚ್ಚು ಹಿಡಿಯಿತು.

ಎದುರುಮನೆಯಾಕೆ ರವಿಕೆ ಹೊಲಿಯುತ್ತಿದ್ದರು. ಇದ್ದದ್ದು ಒಂದೇ ಮಿಶನ್. ಹಗಲೆಲ್ಲ ಗಿರಾಕಿಗಳ ಕೆಲಸ. ಸಂಜೆ ಆಕೆ ಅಡುಗೆಗೆ ಎದ್ದಾಗ ಮಾತ್ರ ಅದು ಖಾಲಿ. ಆ ಹೊತ್ತಿಗೆ ನನ್ನ ಮಗಳು ಹೋಗಿ ಕೂರುತ್ತಿದ್ದಳು. ಆಕೆಯ ಮಗಳೂ ಇವಳದೇ ವಯಸ್ಸಿನವಳು, ಶಾಲೆ ಮುಗಿಸಿ ಅದೇ ಹೊತ್ತಿಗೆ ಮನೆಗೆ ಬರುತ್ತಿದ್ದಳು.

ಒಂದು ಸಂಜೆ, ಮಿಶನ್ ಮುಂದೆ ಕೂತಿದ್ದ ಮಗಳನ್ನು ಕರೆಯಲು ಹೋಗಿದ್ದೆ. ಆ ಹುಡುಗಿ ಶಾಲೆಯ ಚೀಲ ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಅಥವಾ ಆ ಚೀಲವನ್ನು ಆಮೇಲೆ ನಾನೇ ಅವಳ ಹೆಗಲಿಗೆ ಹಾಕಿದೆನೋ, ಈಗ ಖಚಿತವಿಲ್ಲ. ಮಾತು ಮಾತ್ರ ನೆನಪಿದೆ.

“ಲೇ, ನಿಂತ್ಕಂಡ್ ಏನ್ ನೋಡ್ತೀಯೇ? ಪಾತ್ರೆ ಬೆಳಗೋಗು,” ತಾಯಿ ಒಳಗಿನಿಂದ ಕೂಗಿದರು.

“ಇಸ್ಕೂಲಿಗ್ ಓಗೋರ್ಗೆ ಪಾತ್ರೆ, ಓಗ್ದೇ ಇರೋರ್ಗೆ ಮಿಶನ್ನು ಕಣವ್ವ!” ಎಂದಳು ಹುಡುಗಿ.

ನಾನು ನಕ್ಕೆ. ಆದರೂ ಆಕೆಯನ್ನು ಕೇಳಿದೆ: “ಇವಳು ದಿನಾ ಬರೋದ್ರಿಂದ ನಿಮಗೇನೂ ತೊಂದ್ರೆ ಇಲ್ವಲ್ಲ?”

“ಅಯ್ಯೋ, ಮೇಷ್ಟ್ರ ಮಗಳು ಬಂದ್ರೆ ತೊಂದ್ರೆ ಅಂತೀವಾ ಸಾ? ಅದ್ರ ಪಾಡಿಗ್ ಅದು ಕೂತಿರ್ತದೆ.”

ನಮ್ಮ ಕಡೆ ಮೇಷ್ಟ್ರಿಗೆ ಬೇಡ ಎನ್ನುವ ರೂಢಿಯಿಲ್ಲ. ಅದು ಗೊತ್ತಿದ್ದೂ ಆಕೆಯ ಮರ್ಯಾದೆಯನ್ನು ಒಪ್ಪಿಗೆ ಎಂದುಕೊಂಡು ಬಂದೆ. ಎಲ್ಲವನ್ನೂ ಅನುಮಾನಿಸುವ ನಾನು, ನನಗೆ ಅನುಕೂಲವಾದ ಆ ಒಂದು ಉತ್ತರವನ್ನು ಅನುಮಾನಿಸಲಿಲ್ಲ. ಆ ಭಾನುವಾರ ಹಾಸನದಲ್ಲಿ, ನಮ್ಮಂತೆಯೇ ಮಕ್ಕಳನ್ನು ಶಾಲೆಗೆ ಕಳಿಸದ ಕೆಲವು ಮನೆಯವರು ಸೇರಿದಾಗ, ಹುಡುಗಿಯ ಮಾತನ್ನು ತಮಾಷೆಯಾಗಿ ಹೇಳಿದೆ. ಎಲ್ಲರೂ ನಕ್ಕರು. ಮಗಳು ನಗಲಿಲ್ಲ.

ಮರುದಿನ ಸಂಜೆ ಅವಳು ಮನೆಯಲ್ಲೇ ಇದ್ದಳು.

“ಹೋಗಲ್ವಾ?”

“ಇಲ್ಲ. ಹೊಲಿಗೆ ಬೇಜಾರಾಯ್ತು ಅಂತ ಆಂಟಿಗೆ ಹೇಳಿ ಬಂದೆ.”

“ನಿಜವಾಗ್ಲೂ ಬೇಜಾರಾಯ್ತಾ?”

“ಇಲ್ಲಪ್ಪ. ಆಂಟಿ ಮಗಳಿಗೆ ಆ ಹೊತ್ತು ಬಿಟ್ರೆ ಬೇರೆ ಹೊತ್ತೇ ಇಲ್ಲ. ನೀನು ಕೇಳಿದ್ರೆ ಆಂಟಿ ತೊಂದ್ರೆ ಇಲ್ಲ ಅಂತಲೇ ಹೇಳ್ತಾರೆ.”

ಇಷ್ಟೆಲ್ಲ ಹೇಳಿದಳೋ, ಸುಮ್ಮನೆ ತಲೆಯಾಡಿಸಿದಳೋ. ನನ್ನ ಹೆಂಡತಿಯ ಪ್ರಕಾರ ನಾನು ಕೇಳಲೂ ಇಲ್ಲ, ಅವಳು ಹೇಳಲೂ ಇಲ್ಲ. ಹಾಗಿದ್ದರೆ ನನ್ನ ತಪ್ಪು ಇನ್ನೂ ದೊಡ್ಡದು.

ನಮ್ಮನೆಯಲ್ಲಿ ಯಾರಿಗೂ ಯಾವ ಬಲವಂತವೂ ಇರಲಿಲ್ಲ. ದಿನವಿಡೀ ಬಿಡುವಿದ್ದ ಮಗುವನ್ನು, ಬಿಡುವೇ ಇಲ್ಲದ ಮಗುವಿನ ಇದ್ದೊಂದು ಗಂಟೆಯ ಮೇಲೆ ಕೂರಿಸಿದ್ದೆ, ಅಷ್ಟೆ.

ಎದುರಿನಿಂದ ಮಿಶನ್ನಿನ ಸದ್ದು ಶುರುವಾಯಿತು. ಒಂದಿಷ್ಟು ಓಡಿ ನಿಂತಿತು. ಮತ್ತೆ ಓಡಿ ನಿಂತಿತು.

“ಉಲ್ಟಾ ತುಳೀತಿದ್ದಾಳೆ, ದಾರ ಕಿತ್ತೋಗುತ್ತೆ,” ಎಂದು ಮಗಳು ಅರ್ಧ ಎದ್ದಳು. ಹೇಳಿಕೊಡಲು ಹೋದರೆ ಆ ಹುಡುಗಿಯ ತಾಯಿ ಮತ್ತೆ ಇವಳನ್ನೇ ಮಿಶನ್ ಮುಂದೆ ಕೂರಿಸುತ್ತಾರೆ. ಅದು ನನಗಿಂತ ಮೊದಲು ಅವಳಿಗೆ ಹೊಳೆದಿರಬೇಕು, ಕೂತಳು. ಪಾದ ಮಾತ್ರ ನೆಲವನ್ನು ಸರಿಯಾಗಿ ತುಳಿಯುತ್ತಲೇ ಇತ್ತು.