ದಡಕ್ಕಿಳಿದ ಕಡಲ್ಗಳ್ಳರಿಗೆ ಯಾವ ಕಾನೂನು

ನಮ್ಮ ಲ್ಯಾಬಿನ ಮೇಸ್ತ್ರಿಯ ಮನೆಗೆ ಮೊದಲ ಸಲ ಹೋದಾಗ, ಅವರು ರಜಾದಿನಗಳಲ್ಲಿ ಸೈಟು ಮಾರುತ್ತಾರೆ ಅಂದುಕೊಂಡೆ. ತಪ್ಪು ನನ್ನದಷ್ಟೇ ಅಲ್ಲ, ಆ ಮೇಜಿನದೂ ಇದೆ. ನಡುಮನೆಯ ಅರ್ಧ ಜಾಗ ತಿಂದು ನಿಂತಿದ್ದ ಮೇಜು. ಮೇಲೆ ಮರಳು ಅಂಟಿಸಿದ ಹಲಗೆ, ಒಂದು ಅಂಚಿಗೆ ನೀಲಿ ಬಣ್ಣ, ಬೆಂಕಿಪೊಟ್ಟಣದಷ್ಟು ಮನೆಗಳು, ನಡುವೆ ಬೀದಿ, ಮೂಲೆಯಲ್ಲಿ ಗೋಡೆ ಸುತ್ತಿದ ದೊಡ್ಡ ಕಟ್ಟಡ. ಬಿಲ್ಡರುಗಳು ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಇಟ್ಟಿರುತ್ತಾರಲ್ಲ, ಥೇಟ್ ಹಾಗೆ. ಬಾಡಿಗೆ ಕೋಣೆಯಲ್ಲಿ ಕಾಲು ಚಾಚಿದರೆ ಬಾಗಿಲು ಮುಚ್ಚಲಾಗದ ನಾನು, ಇದ್ದಬದ್ದ ಗತ್ತನ್ನೆಲ್ಲ ಒಟ್ಟುಮಾಡಿ ಕೇಳಿದೆ:

"ಮೇಸ್ತ್ರೀ, ಸಮುದ್ರದ ಕಡೆ ಕಾರ್ನರ್ ಸೈಟು ಇನ್ನೂ ಇದೆಯಾ?"

ಅವರು ಟೀ ಲೋಟ ಕೆಳಗಿಟ್ಟರು. "ಇದೆ. ಆದ್ರೆ ನಾಳೆ ಅಲ್ಲಿಗೆ ಬೆಂಕಿ ಬೀಳತ್ತೆ."

"ಯಾಕೆ, ದಾಖಲೆ ಸರಿ ಇಲ್ವಾ?"

ಅಡುಗೆಮನೆಯಿಂದ ಅವರ ಅತ್ತಿಗೆ ನಕ್ಕಿದ್ದು ಕೇಳಿಸಿತು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವರ ಅಣ್ಣ ಮಾತ್ರ ನಗಲಿಲ್ಲ. "ಬುಕ್ ಮಾಡ್ಕೋಪ್ಪ, ಸುಟ್ಟ ಮೇಲೆ ಅಗ್ಗಕ್ಕೆ ಸಿಗತ್ತೆ" ಅಂದರು.

ನಾನು ಕೆಲಸ ಮಾಡುವುದು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ. ದಂತವೈದ್ಯರು ರೋಗಿಗಳ ದವಡೆಯ ಅಚ್ಚು ಕಳಿಸುತ್ತಾರೆ. ಮೇಸ್ತ್ರಿ ಅದರ ಮೇಲೆ ಮೇಣದಲ್ಲಿ ಹಲ್ಲು ಕೂರಿಸುತ್ತಾರೆ, ಆಮೇಲೆ ಗುಲಾಬಿ ಬಣ್ಣದ ಗಟ್ಟಿ ಒಸಡು ಎರಕ ಹೊಯ್ಯುತ್ತಾರೆ. ಕೊನೆಗೆ ಅದು ನನ್ನ ಕೈಗೆ ಬರುತ್ತದೆ, ಪಾಲಿಶಿಗೆ. ಬೇರೆಯವರ ನಗುವಿಗೆ ಹೊಳಪು ಕೊಡುವುದೇ ನನ್ನ ಉದ್ಯೋಗ ಅಂತ ಹೆಣ್ಣು ಕೇಳಲು ಹೋದ ಮನೆಯಲ್ಲಿ ಹೇಳಿದ್ದೆ. ಆ ಮನೆಯವರು ನಗಲೂ ಇಲ್ಲ, ಹೆಣ್ಣು ಕೊಡಲೂ ಇಲ್ಲ.

ಲ್ಯಾಬಿನಲ್ಲಿ ಉಳಿದ ಒಸಡಿನ ಸಾಮಾನಿನಲ್ಲೇ ಮೇಸ್ತ್ರಿ ಗೊಂಬೆ ಎರೆಯುತ್ತಿದ್ದರು. ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸೈನಿಕರು, ನಾವಿಕರು, ಕಡಲ್ಗಳ್ಳರು. ಬಟ್ಟೆಗೆ ಬಣ್ಣ ಹಚ್ಚುತ್ತಿದ್ದರೇ ಹೊರತು ಮೈಗಲ್ಲ. ಹಾಗಾಗಿ ಅವರ ಪಡೆಯಲ್ಲಿ ಎಂಥ ಕೊಲೆಗಡುಕನೂ ಈಗ ತಾನೇ ಸ್ನಾನ ಮಾಡಿಸಿದ ಕೂಸಿನ ಹಾಗೆ ಕಾಣುತ್ತಿದ್ದ. ಇವನ್ನು ಮೇಜಿನ ಮೇಲೆ ನಿಲ್ಲಿಸಿ, ಟೇಪಿನಲ್ಲಿ ದೂರ ಅಳೆದು, ದಾಳ ಹಾಕಿ, ಪುಸ್ತಕದ ನಿಯಮದಂತೆ ಯುದ್ಧ ಮಾಡುವುದು ಅಣ್ಣ ತಮ್ಮಂದಿರ ಚಾಳಿ. ತಮ್ಮನಿಗೆ ಮದುವೆಯಿಲ್ಲ. ಅಣ್ಣನ ಮನೆಯಲ್ಲೇ ವಾಸ. ಅಣ್ಣ ರೈಲ್ವೆ ಯಾರ್ಡಿನಲ್ಲಿ ಬೋಗಿ ಜೋಡಿಸಿ ನಿವೃತ್ತರಾದವರು. ಯಾವ ಬೋಗಿ ಯಾವ ಹಳಿಗೆ ಹೋದರೆ ಮುಂದೆ ಎಲ್ಲಿ ಸಿಕ್ಕಿಬೀಳುತ್ತದೆ ಅಂತ ಮೊದಲೇ ಕಾಣುವ ತಲೆ. ಆ ತಲೆಯ ಎದುರು ಮೇಸ್ತ್ರಿ ಜೀವಮಾನದಲ್ಲಿ ಒಂದು ಆಟವೂ ಗೆದ್ದಿರಲಿಲ್ಲ. ಇದನ್ನು ಅಣ್ಣ ಸಿಲಿಂಡರ್ ತರುವವನಿಗೂ ಹೇಳುತ್ತಿದ್ದರು.

ಅದೇ ತಲೆಯಲ್ಲಿ ಈಗ ಗಡ್ಡೆ ಬೆಳೆದಿತ್ತು. ಕತ್ತರಿ ಹಾಕುವ ಜಾಗದಲ್ಲಿಲ್ಲ ಅಂತ ಆಸ್ಪತ್ರೆಯವರು ಕೈಚೆಲ್ಲಿದ್ದರು. ಮೊದಲು ಮಾತು ತಪ್ಪುತ್ತದೆ, ಆಮೇಲೆ ಬಲಗೈ, ಆಮೇಲೆ ಗುರುತು.

ಅಣ್ಣ ಕೇಳಿದ್ದು ಒಂದೇ. ಇನ್ನೊಂದು ದೊಡ್ಡ ಯುದ್ಧ. ಕಡಲ್ಗಳ್ಳರು ಹಡಗಿಂದಿಳಿದು ಊರು ಲೂಟಿ ಮಾಡಲು ಬರಬೇಕು, ಕೋಟೆಯ ಸೈನಿಕರು ತಡೆಯಬೇಕು. "ಪೂರ್ತಿ ಆಡ್ಬೇಕು ಕಣೋ. ಒಬ್ಬ ಸೋಲ್ಬೇಕು. ಕಾಯಿಲೆಯವನು ಅಂತ ಬಿಟ್ಕೊಟ್ಟೆ ಅಂದ್ರೆ, ಸತ್ತ ಮೇಲೂ ನಿನ್ನ ಮುಖ ನೋಡಲ್ಲ."

"ಸತ್ತ ಮೇಲೆ ಹೇಗೂ ನೋಡಲ್ಲ" ಅಂದರು ಮೇಸ್ತ್ರಿ.

"ಅದಕ್ಕೇ ಈಗ್ಲೇ ಹೇಳ್ತಿರೋದು."

ಹಳೆಯ ನಿಯಮಗಳು ಆಗುತ್ತಿರಲಿಲ್ಲ. ಒಂದು ಆಟ ಮುಗಿಯಲು ಎರಡು ಭಾನುವಾರ ಬೇಕು, ಹಿಂದಿನ ಭಾನುವಾರದ್ದು ಅಣ್ಣನಿಗೆ ಈಗ ನೆನಪಿರುತ್ತಿರಲಿಲ್ಲ. ಮೇಸ್ತ್ರಿ ಹೊಸ ಪುಸ್ತಕಗಳನ್ನು ತರಿಸಿದರು, ಮೂರು. ಮೇಣದ ಸೆಟ್ಟನ್ನು ರೋಗಿಯ ಬಾಯಿಗಿಟ್ಟು, ಕಚ್ಚಿಸಿ ನೋಡಿ, ಆಮೇಲಷ್ಟೇ ಎರಕ ಹೊಯ್ಯುವುದು ನಮ್ಮ ಕಸುಬಿನ ಕ್ರಮ. ನಿಯಮಗಳಿಗೂ ಹಾಗೇ ಟ್ರಯಲ್ ಆಗಬೇಕು ಅಂದರು. ಬಾಯಿ ನನ್ನದು.

"ಎಡಗೈಯಲ್ಲೇ ಆಡು. ನಾನು ನಡುನಡುವೆ ಏನಾದ್ರೂ ಕೇಳ್ತಿರ್ತೀನಿ. ನೀನು ಮರೀಬೇಕು."

"ಮರೆಯೋಕೆ ಟ್ರೇನಿಂಗ್ ಬೇಡ ಮೇಸ್ತ್ರೀ. ಲ್ಯಾಬಲ್ಲಿ ಯಾರನ್ನಾದ್ರೂ ಕೇಳಿ."

ಮೊದಲ ಪುಸ್ತಕದಲ್ಲಿ ಒಬ್ಬೊಬ್ಬ ಕಡಲ್ಗಳ್ಳನಿಗೂ ಬೇರೆ ಬೇರೆ ಧೈರ್ಯ, ಬೇರೆ ಕತ್ತಿವರಸೆ, ಬೇರೆ ಗಾಯ. ನಾಲ್ಕೈದು ಜನರ ಹೆಂಡದಂಗಡಿ ಜಗಳಕ್ಕೆ ಸರಿ. ಊರ ಮೇಲೆ ದಾಳಿ ಮಾಡುವ ಹೊತ್ತಿಗೆ ನನಗೆ ಯಾರಿಗೆ ಕಾಲಿಲ್ಲ, ಯಾರಿಗೆ ಕಣ್ಣಿಲ್ಲ ಅನ್ನುವುದೇ ಮರೆತುಹೋಗಿ, ಸತ್ತವನೊಬ್ಬನನ್ನು ಗೋಡೆ ಹತ್ತಿಸಿದೆ. ಮೇಸ್ತ್ರಿ ಪುಸ್ತಕ ಮುಚ್ಚಿದರು.

ಎರಡನೆಯದು ಬಯಲಿನ ಯುದ್ಧಕ್ಕೆ ಬರೆದದ್ದು. ದಂಡುಗಳು ಸಾಲಾಗಿ ನಡೆಯಬೇಕು. ಕಡಲ್ಗಳ್ಳರು ಬ್ಯಾಂಕಿನ ಕೌಂಟರಿಗೆ ನಿಂತ ಹಾಗೆ ಒಬ್ಬರ ಹಿಂದೊಬ್ಬರು ಲೂಟಿಗೆ ಹೊರಟರು. ಆದರೆ ಆ ನಿಯಮದಲ್ಲಿ ಒಮ್ಮೆ ಇವನ ಸರದಿ, ಒಮ್ಮೆ ಅವನ ಸರದಿ, ತಪ್ಪದೆ. ಮುಂದಾಲೋಚನೆ ಇದ್ದವನು ರಾಜ. ನಾನು ಎರಡು ಸಲ ಸೋತೆ, ಎರಡು ಸಲವೂ ಯಾಕೆ ಅಂತ ಗೊತ್ತಾಗಲಿಲ್ಲ.

ಮೂರನೆಯದರಲ್ಲಿ ಒಂದೊಂದು ಗುಂಪಿಗೆ ಒಂದೊಂದು ಕಾರ್ಡು. ಎಲ್ಲ ಕಲಸಿ ಒಂದೊಂದೇ ಎತ್ತಬೇಕು. ಯಾರ ಕಾರ್ಡು ಬಂತೋ ಅವರು ಕದಲಬೇಕು. ಜೊತೆಗೊಂದು ಕರಿ ಕಾರ್ಡು. ಅದು ಬಂತೋ, ಆ ಸುತ್ತು ಅಲ್ಲಿಗೇ ಮುಗಿಯಿತು, ಕಾರ್ಡು ಬರದವರು ನಿಂತಲ್ಲೇ ನಿಂತರು. ಗುಂಡು ಹಾರಿಸಿದ ಬಂದೂಕಿನ ಮುಂದೆ ಒಂದು ಚೂರು ಹತ್ತಿ ಇಡಬೇಕು. ಮತ್ತೆ ಮದ್ದು ತುಂಬುವವರೆಗೆ ಹತ್ತಿ ತೆಗೆಯುವಂತಿಲ್ಲ.

"ಇದೇ ಸರಿ ಮೇಸ್ತ್ರೀ" ಅಂದೆ. "ನೆನಪಿಡೋ ಕೆಲಸ ಕಾರ್ಡು, ಹತ್ತಿ ಮಾಡ್ತವೆ. ದೊಡ್ಡೋರು ಸುಮ್ನೆ ಆಡಿದ್ರೆ ಆಯ್ತು."

ಅವರು ಎರಡನೇ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡರು. "ಇದ್ರಲ್ಲಿ ಅವನು ಈಗ್ಲೂ ನನ್ನ ಸೋಲಿಸ್ತಾನೆ."

ಆಮೇಲೂ ದಿನಗಟ್ಟಲೆ ಅವರಿಗೆ ತೀರ್ಮಾನ ಆಗಲಿಲ್ಲ. ಲ್ಯಾಬಿನಲ್ಲಿ ಮೇಣ ಕಾಯಿಸುತ್ತ ಎರಡನೆಯದು ಅನ್ನುತ್ತಿದ್ದರು, ಹಲ್ಲು ಕೂರಿಸುತ್ತ ಮೂರನೆಯದು ಅನ್ನುತ್ತಿದ್ದರು. ಅಷ್ಟರಲ್ಲಿ ಮನೆಯಲ್ಲಿ ಅಣ್ಣ ಚಮಚಕ್ಕೆ ಸಿಗ್ನಲ್ ಅನ್ನತೊಡಗಿದ್ದರು. ಒಂದು ಸಂಜೆ ಅತ್ತಿಗೆ ಮೇಜಿನ ಧೂಳು ಒರೆಸುತ್ತ, ಮೈದುನನ ಮುಖ ನೋಡದೆ ಹೇಳಿದರು: "ನೀನು ಪುಸ್ತಕ ಆರಿಸ್ತಾ ಕೂತಿರು. ಅವರು ಹೊರಟೇ ಹೋಗ್ತಾರೆ."

ಆ ಭಾನುವಾರ ಬೆಳಿಗ್ಗೆಯೇ ಆಟ. ಮೂರನೇ ಪುಸ್ತಕ. ಅಣ್ಣ ಕೋಟೆಯವರು, ತಮ್ಮ ಕಡಲ್ಗಳ್ಳರು. ಯಾರ ಪರವೂ ಅಲ್ಲದ, ಯಾರಿಗೂ ಬೇಕಾಗದ ನಾನು ಕಾರ್ಡು ಎತ್ತುವವನು.

ನಿಯಮ ಕೇಳಿ ಅಣ್ಣ ಹುಬ್ಬು ಗಂಟಿಕ್ಕಿದರು. "ನನ್ನ ಸರದಿ ಯಾವಾಗ ಅಂತ ನನಗೇ ಗೊತ್ತಿರಲ್ವಾ? ಇದ್ಯಾವ ಸೀಮೆ ಸ್ಟೇಷನ್ನೋ."

"ಟೈಮ್‌ಟೇಬಲ್ ಇಲ್ದಿರೋದು" ಅಂದರು ಮೇಸ್ತ್ರಿ. "ಆಡ್ತೀಯಾ, ಬಿಡ್ತೀಯಾ?"

"ಎತ್ತಪ್ಪಾ ಕಾರ್ಡು."

ಅಣ್ಣನ ಬಲಗೈ ಮಡಿಲಲ್ಲಿ ಬಿದ್ದಿತ್ತು. ಎಡಗೈಯಲ್ಲೇ ಒಂದೊಂದು ಗೊಂಬೆ ಸರಿಸಿದರು. ಬೀಳಿಸಿದ್ದನ್ನು ನಾನು ಎತ್ತಲು ಹೋದರೆ ಕೈಗೆ ಹೊಡೆದರು. ಮಾತು ತಪ್ಪಿದರೂ ಲೆಕ್ಕಾಚಾರ ತಪ್ಪಿರಲಿಲ್ಲ. ಮುಂದಿನ ಸಾಲು ಗುಂಡು ಹಾರಿಸಿ ಹಿಂದೆ ಸರಿಯಬೇಕು, ಗೋದಾಮಿನ ಹಿಂದೆ ಅಡಗಿಸಿಟ್ಟ ತುಕಡಿ ಆಗ ಪಕ್ಕದಿಂದ ನುಗ್ಗಬೇಕು. ಎಷ್ಟು ಚೆಂದದ ಉಪಾಯ ಅಂದರೆ, ಯುದ್ಧವನ್ನು ಸೈಟು ಅಂದುಕೊಂಡವನಿಗೂ ಅರ್ಥವಾಯಿತು. ಮುಂದಿನ ಸಾಲು ಗುಂಡು ಹಾರಿಸಿತು. ಹತ್ತಿ ಇಟ್ಟೆವು. ನಾನು ಕಾರ್ಡು ಎತ್ತಿದೆ. ಕರಿ ಕಾರ್ಡು. ಮುಂದಿನ ಸುತ್ತಿನಲ್ಲಿ ಕಡಲ್ಗಳ್ಳರದು ಬಂತು, ಅದರ ಬೆನ್ನಿಗೇ ಮತ್ತೆ ಕರಿ ಕಾರ್ಡು. ಗೋದಾಮಿನ ಹಿಂದಿನವರು ಅಲ್ಲೇ ನಿಂತಿದ್ದರು. ಗುಲಾಬಿ ಮೈಯ ಕಡಲ್ಗಳ್ಳರು ಹತ್ತಿ ದಾಟಿ ಗೋಡೆ ಏರಿದರು, ಕೋಟೆಯ ದಳಪತಿ ಬಿದ್ದ, ಉಳಿದವರು ಕಾಲಿಗೆ ಬುದ್ಧಿ ಹೇಳಿದರು.

ಅಣ್ಣ ಬಿದ್ದ ದಳಪತಿಯನ್ನು ಎತ್ತಿ ಮೇಜಿನ ಅಂಚಿಗಿಟ್ಟರು.

"ಸೋತ್ನಾ?"

"ಹೂಂ."

"ಬಿಟ್ಕೊಟ್ಟಿಲ್ಲ ತಾನೆ?"

"ಗೆದ್ದೋನು ನಾನು. ಬಿಟ್ಕೊಡೋದೆಲ್ಲಿಂದ ಬಂತು?"

ಅಣ್ಣ ಎಡಗೈ ಚಾಚಿ, ಗೋದಾಮಿನ ಹಿಂದೆ ನಿಂತೇ ಇದ್ದವರನ್ನು ಒಬ್ಬೊಬ್ಬರನ್ನಾಗಿ ಮಲಗಿಸಿದರು.

ಆದರೆ ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಕೇಳಿದರು: "ಯಾರು ಗೆದ್ದಿದ್ದು?"

"ನಾನು" ಅಂದರು ಮೇಸ್ತ್ರಿ. ಅಣ್ಣನ ಮುಖ ಬೆಳಿಗ್ಗೆಯಷ್ಟೇ ಹೊಸದಾಗಿ ಇಳಿಯಿತು. ಸಂಜೆ ಮತ್ತೆ ಕೇಳಿದರು. ಮಾರನೇ ದಿನವೂ. ನಾನು ನೋಡಲು ಹೋದಾಗಲೆಲ್ಲ ಇದೇ ಪ್ರಶ್ನೆ, ಇದೇ ಉತ್ತರ, ಅದೇ ಮುಖ. ಹೆಂಡತಿಯ ಗುರುತು ಹತ್ತದ ದಿನ ಬಂದ ಮೇಲೂ ಆ ಯುದ್ಧವೊಂದು ನೆನಪಲ್ಲಿ ಉಳಿದುಕೊಂಡಿತ್ತು. ಅತ್ತಿಗೆ ಬಾಗಿಲ ಹತ್ತಿರ ನನ್ನನ್ನು ತಡೆದು ನಿಲ್ಲಿಸಿ, "ನೀನಾದ್ರೂ ಹೇಳಪ್ಪ ನಿನ್ನ ಮೇಸ್ತ್ರಿಗೆ. ಒಂದ್ಸಲ 'ನೀನೇ ಗೆದ್ದೆ' ಅಂದ್ರೆ ಅವನ ಗಂಟೇನು ಹೋಗತ್ತೆ?" ಅಂದರು. ನಾನು ಹೂಂ ಅಂದು ಚಪ್ಪಲಿ ಹಾಕಿಕೊಂಡೆ. ಧೈರ್ಯದ ದಾಳ ಹಾಕಿದ್ದರೆ ನಾನು ಮೊದಲ ಸುತ್ತಿಗೇ ದೋಣಿಗೆ ಓಡುವ ಗಿರಾಕಿ.

ಅಣ್ಣ ಹೋದರು. ಮಣ್ಣಿಗೆ ಬಂದ ಯಾರ್ಡಿನ ಹಳಬರು, ನೆಂಟರು ಎಲ್ಲ ಮೇಸ್ತ್ರಿಯ ಭುಜ ತಟ್ಟಿದರು. ಇಂಥ ತಮ್ಮ ಎಲ್ಲಿ ಸಿಗ್ತಾನೆ, ನೆನಪು ನಿಲ್ಲದ ಅಣ್ಣನಿಗೂ ಆಡಲು ಬರುವಂಥ ಆಟ ಹುಡುಕಿ ತಂದ ಅಂದರು.

ಲ್ಯಾಬಿಗೆ ವಾಪಸು ಬಂದ ಮೊದಲ ದಿನ, ಯಾರದೋ ಕೆಳದವಡೆಗೆ ಹಲ್ಲು ಕೂರಿಸುತ್ತಿದ್ದರು. ಎರಡನೇ ಪುಸ್ತಕದ ಬಗ್ಗೆ ಅವರು ಅಂದ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ. ಪಾಲಿಶ್ ಮೆಷಿನ್ ನಿಲ್ಲಿಸಿದೆ.

"ಮೇಸ್ತ್ರೀ, ಆ ಮೂರನೇದನ್ನ ಆರಿಸಿದ್ದು ದೊಡ್ಡೋರಿಗೆ ಸುಲಭ ಆಗ್ಲಿ ಅಂತ ತಾನೆ?"

ಅವರು ಬಿಸಿ ಚಾಕುವಿನಿಂದ ಮೇಣ ಸವರಿದರು, ಹಲ್ಲು ನೆಟ್ಟಗಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದರು.

"ಅಲ್ಲ. ನಾನು ಗೆಲ್ಲೋಕಾಗ್ತಿದ್ದದ್ದು ಅದೊಂದ್ರಲ್ಲೇ."